ಸಾವಿರದ ಮೂವತ್ತು ಮಾರು

ಮಲ್ಪೆ ಬಂದರಿನಲ್ಲಿ, ಐಸಿನ ಪೆಟ್ಟಿಗೆಯ ಮುಚ್ಚಳದ ಮೇಲೆ
ಓಬು ಮಾವ ಒದ್ದೆ ಬೆರಳಿನಿಂದ ಬರೆದ:
ಇದು ಕಿವಿ, ಇದು ಹಣೆ,
ಇಲ್ಲಿಂದ ಇಳಿದರೆ ಮೂಗು.
ಮೂಗು ಮುಗಿಯುವ ಮೊದಲೇ ಕಿವಿ ಆರಿಹೋಗಿತ್ತು.

ನಾನು ಕೇಳಿದ್ದು ಕುದುರೆಮುಖ ಹತ್ತುವ ದಾರಿ.
ಚೀಲದಲ್ಲಿ ನಕ್ಷೆ ಇತ್ತು, ಅರಣ್ಯ ಇಲಾಖೆಯ ಚೀಟಿ ಇತ್ತು.
ಮುಳ್ಳೋಡಿಯಿಂದ ಒಂಟಿ ಮರ, ಅಲ್ಲಿಂದ ಶೋಲಾ ಕಾಡು,
ಆಮೇಲೆ ಬರೀ ಹುಲ್ಲು, ಬರೀ ಗಾಳಿ.
ಎಲ್ಲರೂ ಹೋಗುವುದು ಹಾಗೆ, ಕುದುರೆಯ ಬೆನ್ನಿನ ಕಡೆಯಿಂದ.
ಎದುರಿನಿಂದ, ನಾವೂರಿನ ಬದಿಯಿಂದ, ಇನ್ನೊಂದು ಉಂಟಂತೆ.
ಮುಚ್ಚಿದ್ದಾರೆ. ಯಾಕೆಂದರೆ ಆನೆ ಎನ್ನುತ್ತಾರೆ,
ಇನ್ನೊಮ್ಮೆ ಕೇಳಿದರೆ ಏನೂ ಅನ್ನುವುದಿಲ್ಲ.

ಮಾವ ಹತ್ತಿದವನಲ್ಲ. ಕಾರ್ಕಳ ದಾಟಿದ್ದೇ ಎರಡು ಸಲ,
ಒಂದು ಮದುವೆಗೆ, ಒಂದು ಬೊಜ್ಜಕ್ಕೆ.
ಆದರೆ ಹದಿನೆಂಟು ಮಾರು ನೀರಿನಲ್ಲಿ ನಿಂತು
ಕಾಪುವಿನ ದೀಪಸ್ತಂಭ ಮೂಗಿನ ತುದಿಗೆ ಬಂದರೆ
ಅಡಿಯಲ್ಲಿ ಪಾದೆ, ಬಲೆ ಹರಿಯುತ್ತದೆ;
ಒಂದು ಬೀಡಿ ಸೇದುವಷ್ಟು ತೆಂಕಿಗೆ ಜಾರಿ
ಅದೇ ಕಂಬ ದವಡೆಗೆ ತಾಗಿತೋ, ಕೊಡ್ಡಾಯಿ.
ಬೋಟಿನಲ್ಲಿ ಈಗ ಪರದೆ ಉಂಟು. ಹುಡುಗರು ಅಂಕೆ ಓದುತ್ತಾರೆ,
ಸರಿಯಾಗಿಯೇ ಓದುತ್ತಾರೆ.
ಇವನು ಹೂಂ ಎಂದು, ಕುತ್ತಿಗೆ ತಿರುಗಿಸಿ
ಮೂಡಣಕ್ಕೊಮ್ಮೆ ನೋಡಿ, ಆಮೇಲೆ ಬಲೆ ಬಿಡಿಸುತ್ತಾನೆ.

ಎತ್ತರ ಎಷ್ಟು ಎಂದ. ಮೀಟರಿನಲ್ಲಿ ಹೇಳಿದೆ.
ಕಣ್ಣು ಮುಚ್ಚಿ, ಎರಡೂ ಕೈ ಚಾಚಿ, ಮಡಚಿ, ಚಾಚಿ,
"ಸಾವಿರದ ಮೂವತ್ತು ಮಾರು.
ಅಷ್ಟು ಹಗ್ಗ ಮಲ್ಪೆಯಲ್ಲೇ ಇಲ್ಲ ಮಾರಾಯ್ತಿ."

ದಾರಿ ತೋರಿಸಿದವ ಎಲ್ಯಣ್ಣ. ಹವಾಯಿ ಚಪ್ಪಲಿ.
ನನ್ನ ಹೊಸ ಬೂಟಿನೊಳಗೆ ಡಿಸೆಂಬರಿನಲ್ಲೂ ಒಂದು ಇಂಬಳ.
"ಇನ್ನು ಐದು ನಿಮಿಷ" ಎಂದು ಅವನು ಒಂದು ಗಂಟೆ ಹೇಳಿದ,
ಒಂದು ಗಂಟೆ ನಾನೂ ನಂಬಿದೆ.
ಒಂದು ತಿರುವಿನಲ್ಲಿ ಕೈ ನೆಲಕ್ಕೆ ಕೊಟ್ಟೇ ಹತ್ತಬೇಕಾಯಿತು;
ಮಣ್ಣು ಉಗುರಿನಲ್ಲಿ ಇವತ್ತಿಗೂ ಇದೆಯೇನೋ.

ತುದಿಯಲ್ಲಿ ಮುಖವೇ ಇರಲಿಲ್ಲ.
ಹುಲ್ಲು. ನಾಲ್ಕು ಕಲ್ಲು. ತಟ್ಟನೆ ಮುಗಿದುಹೋಗುವ ನೆಲ.
ಆಚೆ, ಪಡುವಣದಲ್ಲಿ, ಉಗುರಂಚಿನಷ್ಟು ಬೆಳ್ಳಗೆ
ಕಡಲೋ, ಬರೀ ಬಿಸಿಲೋ.

ಫೋನಿನಲ್ಲಿ ಒಂದೇ ಒಂದು ಕಡ್ಡಿ.
"ಎಲ್ಲಿದ್ದೀ? ಕಿವಿಯಲ್ಲಾ, ಮೂಗಿನಲ್ಲಾ?"
ಗೊತ್ತಾಗುವುದಿಲ್ಲ ಮಾವ ಎಂದೆ.
ಆಚೆ ಇಂಜಿನ್ನು ತಗ್ಗಿತು.
"ಇಲ್ಲಿಗೆ ಸರೀ ಕಾಣುತ್ತದೆ. ಅಲ್ಲಾಡಬೇಡ."
ಕಡ್ಡಿ ಹೋಯಿತು.
ನಾನು ಅಲ್ಲಾಡಲಿಲ್ಲ.
ಎಲ್ಯಣ್ಣ ಚಕ್ಕುಲಿಯ ಪೊಟ್ಟಣ ಬಿಚ್ಚಿ
ಈ ಹುಡುಗಿಗೆ ಏನಾಯಿತು ಎಂದು ನೋಡುತ್ತ ಕೂತ.

ಸೋಮವಾರ ಬಂದರಿನಲ್ಲಿ ಮಾವ
ಏನು ಕಂಡೆ ಎಂದು ಕೇಳಲಿಲ್ಲ.
ಫೋಟೋ ತೋರಿಸಿದರೆ ಕನ್ನಡಕ ಇಲ್ಲ ಎಂದ.
ಬಲೆಯ ಒಂದು ಕಣ್ಣು ಹೊಲಿದು, ಇನ್ನೊಂದು ಹೊಲಿದು, ಕೊನೆಗೆ,
"ಅಲ್ಲಿ ನೀರು ಉಂಟಾ?"

ಉಂಟು ಮಾವ. ತುದಿಯಿಂದ ಸ್ವಲ್ಪ ಕೆಳಗೆ,
ಕಲ್ಲಿನ ಸಂದಿಯಲ್ಲಿ ಸಣ್ಣ ಒರತೆ.
ಬೊಗಸೆ ಹಿಡಿದರೆ ತುಂಬುತ್ತದೆ. ತಣ್ಣಗೆ. ಸಿಹಿ.

"ಹಾಗಾದರೆ ಅಡ್ಡಿಯಿಲ್ಲ" ಎಂದು ದಾರ ಕಚ್ಚಿ ತುಂಡರಿಸಿದ,
"ಇಷ್ಟು ವರ್ಷ ಅದನ್ನು ಬಿಸಿಲಿನಲ್ಲೇ
ಕಟ್ಟಿಹಾಕಿದ ಹಾಗೆ ಕಾಣುತ್ತಿತ್ತು ನನಗೆ."