ಹದಿನೇಳು ಮನೆಗಳ ಪಟ್ಟಿ

ಮೂರು ದಿನ ಹಿಮ ಬಿತ್ತು, ಸದ್ದಿಲ್ಲದೆ.
ಬೆಟ್ಟ ಅದನ್ನು ಠೇವಣಿಯಂತೆ ಇಟ್ಟುಕೊಂಡಿತ್ತು.
ನಾಲ್ಕನೆಯ ರಾತ್ರಿ ಕಡಲ ಕಡೆಯಿಂದ
ಬೆಚ್ಚಗಿನ ಮಳೆ ಬಂದು
ಬಡ್ಡಿ ಸಮೇತ ಬಿಡಿಸಿಕೊಂಡಿತು.

ಅಗ್ನಿಶಾಮಕ ಠಾಣೆಯ ಹಿಂದಿನ ಕೋಣೆ.
ಒಂದು ಹೀಟರು, ಕಾಲು ಮುರಿದ ಕುರ್ಚಿ, ಫೋನು.
ಗೋಡೆಯ ಮೊಳೆಗೆ ನೇತುಬಿದ್ದ ಪಟ್ಟಿ:
ನನ್ನದು ಬಿಟ್ಟು ಹದಿನೇಳು ಮನೆ.
ಇಲಾಖೆಯ ಕಾಗದ ಹೇಳುತ್ತದೆ:
‘ನೂಕ್ಸ್ಯಾಕ್ ನದಿಯ ತಗ್ಗು ಪ್ರದೇಶದ ನಿವಾಸಿಗಳು
ಸೂಕ್ತ ಮುನ್ನೆಚ್ಚರಿಕೆ ವಹಿಸತಕ್ಕದ್ದು.’
ತಕ್ಕದ್ದು ಅಂದರೆ
ಇಲ್ಲಿ ಯಾರೂ ಹಾಸಿಗೆ ಬಿಟ್ಟು ಏಳುವುದಿಲ್ಲ.

ಅದಕ್ಕೇ ನಾನು.
ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದ್ದೇನೆ,
ಯಾವ ಮನೆಗೆ ಎಷ್ಟು ಮೆಟ್ಟಿಲು,
ಯಾವ ನಾಯಿ ಬೊಗಳುತ್ತದೆ, ಯಾವುದು ಕಚ್ಚುತ್ತದೆ
ಎಲ್ಲ ಬಾಯಿಪಾಠ.

ಗುರ್ಮೇಜ್ ಕೌರ್, ಟ್ರ್ಯಾಕ್ಟರ್ ಮೇಲಿನ ರಸ್ತೆಗೆ ಹತ್ತಿಸು,
ಬೆರ್ರಿ ಶೆಡ್ಡಿನ ಬೀಗ ತೆಗೆದಿಡು, ಯಾರಿಗೆ ಬೇಕಾಗುತ್ತದೋ.
ಎಲಾಡಿಯೋ, ಮಕ್ಕಳು ಬೂಟು ಹಾಕಿಕೊಂಡೇ ಮಲಗಲಿ.
ಕಾರ್ನೆಲಿಯಾ ಅಜ್ಜಿ, ಪಿಯಾನೋ ಇರಲಿ ಬಿಡಿ,
ಮಾತ್ರೆ ಡಬ್ಬಿ ತಗೊಳ್ಳಿ, ಹಲ್ಲಿನ ಸೆಟ್ಟು ತಗೊಳ್ಳಿ.
ಬೇಸಿಗೆಯಲ್ಲಿ ಮನೆ ಕೊಂಡ ಗಂಡಹೆಂಡತಿ ಕೇಳಿದರು,
ನದಿ ಎಲ್ಲಿದೆ?
ನಿಮ್ಮ ಹಿತ್ತಿಲು ಅಂದುಕೊಂಡಿದ್ದೀರಲ್ಲ, ಅದೇ.

ಒಂದೂವರೆ ಗಂಟೆ. ಉಳಿದದ್ದು ಕೊನೆಯ ಹೆಸರು,
ಡೌವೆ ಪೋಸ್ತ್ಮಾ.

ತಗ್ಗಿನ ಲೆಕ್ಕದಲ್ಲಿ
ಮೊದಲು ಕರೆಯಬೇಕಾದವನು ಅವನು.
ಪಟ್ಟಿ ಬರೆದವಳು ನಾನು.

ಹನ್ನೊಂದು ವರ್ಷದ ಹಿಂದೆ
ತನ್ನ ದಂಡೆಯನ್ನು ಎರಡಡಿ ಎತ್ತರಿಸಿದ.
ಅವನ ಹುಲ್ಲುಗಾವಲಿಗೆ ಬಾರದ ನೀರು
ಎಲ್ಲಿಗಾದರೂ ಹೋಗಬೇಕಲ್ಲ,
ನನ್ನ ಅಡುಗೆಮನೆಗೆ ಬಂತು.
ಅಂದಿನಿಂದ ಚರ್ಚಿನಲ್ಲಿ
ಒಂದೇ ಬೆಂಚಿಗೆ ಎರಡು ತುದಿ.

ರಿಂಗಾಗುತ್ತದೆ. ರಿಂಗಾಗುತ್ತಲೇ ಇರುತ್ತದೆ.
ಎತ್ತಿದ. ಮಾತಿಲ್ಲ,
ಹಿಂದೆಲ್ಲೋ ಕೊಟ್ಟಿಗೆಯ ತಗಡಿನ ಮೇಲೆ ಮಳೆ,
ಅರವತ್ತು ಹಸುಗಳ ಉಸಿರು.
ಯಾನ್ನಾ ಮಾತಾಡ್ತಿರೋದು, ಅಂದೆ.
ನಾಲ್ಕು ಗಂಟೆಗೆ ನೀರು ನಿನ್ನ ದಂಡೆ ಹತ್ತುತ್ತೆ.
ಬೆರ್ರಿ ಶೆಡ್ಡು ತೆಗೆದಿದೆ, ದನ ಅಲ್ಲಿಗೆ ಹೊಡಿ.
ಅವನು ಕೆಮ್ಮಿದ.
‘ನಿನ್ನ ಮನೆಗೆ?’
ಮೂರಕ್ಕೆ, ಅಂದೆ.

ಆ ಒಂದು ಗಂಟೆಯ ವ್ಯತ್ಯಾಸ
ತಂತಿಯ ಉದ್ದಕ್ಕೂ ನಿಂತಿತು.
ಹೇಳಲಿಕ್ಕಿದ್ದುದನ್ನು ಹನ್ನೊಂದು ವರ್ಷ
ನೆನಪಿಟ್ಟುಕೊಂಡೇ ಬಂದಿದ್ದೆ, ವಾಕ್ಯ ಸಮೇತ.
ಒಂದೂ ನಾಲಗೆಗೆ ಬರಲಿಲ್ಲ.
‘ಸರಿ,’ ಅಂದ. ಇಟ್ಟ.

ನದಿಯ ಅಳತೆ ಕಂಬ ಹದಿನೆಂಟು ಅಡಿ ದಾಟಿ
ಇಪ್ಪತ್ತಕ್ಕೆ ಬಂತು.
ನಾನು ಫೋನಿನ ಪಕ್ಕದಲ್ಲೇ ಇದ್ದೆ.
ಹೆಲಿಕಾಪ್ಟರ್ ಬೇಕೇ ಎಂದು ಪಟ್ಟಣದಿಂದ ಕೇಳಿದರು.
ಕಾರ್ನೆಲಿಯಾ ಪಿಯಾನೋ ಬಗ್ಗೆ ಮತ್ತೆ ಫೋನ್ ಮಾಡಿದಳು.

ಮಾರನೆಯ ಮಧ್ಯಾಹ್ನ
ದೋಣಿಯವರು ನನ್ನನ್ನು ಮನೆಯ ಮುಂದೆ ಇಳಿಸಿದರು.
ಬಾಗಿಲಿಗೆ ಅಡ್ಡಲಾಗಿ ಮರಳು ತುಂಬಿದ ಚೀಲಗಳು,
ಇಪ್ಪತ್ತೋ ಇಪ್ಪತ್ತೆರಡೋ,
ಸೊಟ್ಟಗೆ, ಅವಸರದಲ್ಲಿ ಪೇರಿಸಿದ್ದು.
ಪಶು ಆಹಾರದ ಚೀಲ. ಮೇಲೆ ನಗುವ ಕರುವಿನ ಚಿತ್ರ.
ಮಣ್ಣಿನಲ್ಲಿ ದನದ ಹೆಜ್ಜೆ, ಅರವತ್ತರದ್ದೂ,
ನನ್ನ ಗೇಟಿನ ಬಳಿ ತುಸು ನಿಂತು ಮುಂದೆ ಹೋದಂತೆ.

ನೀರು ಹೇಗೂ ಒಳಗೆ ಬಂದಿತ್ತು,
ಒಲೆಯ ಗುಂಡಿಗಳವರೆಗೆ.
ನೆಲಹಾಸು ಕಿತ್ತು ಹೊರಗೆಸೆದೆ.
ಅವನಿಗೆ ಫೋನ್ ಮಾಡಲಿಲ್ಲ.
ಒಂಬತ್ತು ಹಸು ಉಳಿಯಲಿಲ್ಲವೆಂದು
ಗುರ್ಮೇಜ್ ಹೇಳಿದಳು.
ಇನ್ನೊಂದು ಗಂಟೆ ಮುಂಚೆ ಗೊತ್ತಾಗಿದ್ದರೆ, ಎಂದು ಶುರುಮಾಡಿ
ನನ್ನ ಮುಖ ನೋಡಿ ನಿಲ್ಲಿಸಿದಳು.

ಶುಕ್ರವಾರ ಮತ್ತೆ ಎಚ್ಚರಿಕೆ ಇದೆ.
ಪಟ್ಟಿಯನ್ನು ಹೊಸದಾಗಿ ಬರೆಯುತ್ತಿದ್ದೇನೆ, ನೀರಿನ ಲೆಕ್ಕದಲ್ಲಿ.
ಕಾಗದ ಹಸಿಯಾಗಿದೆ, ಪೆನ್ನು ಹಿಡಿಯುವುದಿಲ್ಲ.
ಪೆನ್ಸಿಲಿನಲ್ಲಿ, ಒತ್ತಿ:
ಪೋಸ್ತ್ಮಾ, ಒಂದು.