ಬೆಸುಗೆಯ ಪಕ್ಕದಲ್ಲಿ

ಮೊದಲು ಬ್ಯಾಟರಿಯ ವಯರು ಕಳಚು, ಅಂಗಾರ.
ಮತ್ತೆ ಮಾತು.
ಮೊಯ್ದುಕುಂಞಿಯ ಮೀನುಲಾರಿ ಇದು,
ಹದಿನಾಲ್ಕು ವರ್ಷ ಐಸು ಕರಗಿದ ನೀರು ಕುಡಿದದ್ದು.
ಮಂಜೇಶ್ವರ ಬಂದರಿನಿಂದ ಉಪ್ಪಳದವರೆಗೆ ತೊಟ್ಟಿಕ್ಕಿದ ಉಪ್ಪಿನಲ್ಲಿ
ರಸ್ತೆಗೆ ಸ್ವಲ್ಪ,
ಉಳಿದದ್ದೆಲ್ಲ ಚಾಸಿಗೆ.

ರಾತ್ರಿ ಬೋಟು ಬರುತ್ತದಂತೆ. ಅವನಿಗೆ ಅವಸರ.
"ಮೇಲಿಂದ ಒಂದು ಪಟ್ಟಿ ಹೊಡಿ ಆಚಾರಿಯೇ,
ನಾಲ್ಕು ಟ್ರಿಪ್ಪು ಓಡಿದರೆ ಸಾಕು."
ನಾಲ್ಕು ಟ್ರಿಪ್ಪು ಎಂದವರೆಲ್ಲ
ನಾಲ್ಕು ವರ್ಷ ಓಡಿಸಿದ್ದಾರೆ.

ಬಿರುಕನ್ನು ಉಗುರಲ್ಲಿ ನೋಡು, ಆಮೇಲೆ ಕಣ್ಣಲ್ಲಿ.
ತುಕ್ಕಿನಡಿ ಎಲ್ಲಿಂದಲೋ ಹೊರಟು
ಕೆಳಗಿನ ಮಡಿಕೆಯತ್ತ ಇಳಿದಿದೆ
ಚಹಾದ ಗ್ಲಾಸಿನ ಗೆರೆಯ ಹಾಗೆ.
ನಿಂತಿತು ಅಂದುಕೊಂಡಲ್ಲಿ ನಿಂತಿರುವುದಿಲ್ಲ.
ಸೀಮೆಎಣ್ಣೆ ಸವರಿ, ಒರೆಸಿ, ಸುಣ್ಣ ಬಳಿ;
ಒಳಗೆ ಅಡಗಿದ್ದು ತಾನಾಗಿ ನೆನೆದು ಮೇಲೆ ಬರುತ್ತದೆ.
ಅದರ ತುದಿಯಲ್ಲಿ ಒಂದು ತೂತು ಕೊರೆ.
ಓಟಕ್ಕೂ ಒಂದು ಕೊನೆ ಬೇಕಲ್ಲ.

ಗ್ಯಾಸು ಬೇಡ. ಆ ಬೆಂಕಿಗೆ ಗಡಿ ಗೊತ್ತಿಲ್ಲ,
ಒಂದಂಗುಲ ಕೂಡಿಸಲು ಒಂದಡಿ ಮೆತ್ತಗಾಗಿಸುತ್ತದೆ.
ಹೊಸ ಮಿಗ್ ಮೆಷಿನು ಕ್ಯಾಬಿನ್ನಿನ ತಗಡಿಗೆ ಚಂದ;
ಇಲ್ಲಿ ಮಧ್ಯಾಹ್ನದ ಕಡಲಗಾಳಿ ಮೂಗು ತೂರಿಸಿದರೆ
ಬೆಸುಗೆ ತುಂಬ ನೀರುದೋಸೆಯ ಕಣ್ಣು.
ಕಡ್ಡಿಯೇ ಇರಲಿ. ಎಪ್ಪತ್ತು ಹದಿನೆಂಟು,
ಕಾದ ಪೆಟ್ಟಿಗೆಯಿಂದ ಆಗಷ್ಟೇ ತೆಗೆದದ್ದು.
ಈ ಊರಲ್ಲಿ ಹಪ್ಪಳವೇ ಅರ್ಧ ಗಂಟೆಗೆ ಸೋಲುತ್ತದೆ,
ಕಡ್ಡಿ ಯಾವ ಲೆಕ್ಕ?
ತೇವ ಒಳಹೊಕ್ಕರೆ ಇವತ್ತು ಏನೂ ಹೇಳುವುದಿಲ್ಲ.
ನಾಳೆ ರಾತ್ರಿ, ಖಾಲಿ ರಸ್ತೆಯಲ್ಲಿ, ಹೇಳುತ್ತದೆ.

ನೂರ ಹದಿನೈದಕ್ಕೆ ತಿರುಗಿಸು.
ಗುಜರಿ ತುಂಡಿನ ಮೇಲೆ ಒಮ್ಮೆ ಎಳೆದು ನೋಡು.
ಅಂಕಿಯನ್ನು ನಂಬಬೇಡ,
ಸಂಜೆ ಮನೆಮನೆಯ ಪಂಪು ಶುರುವಾದರೆ
ನೂರ ಹದಿನೈದೂ ತೊಂಬತ್ತಾಗುತ್ತದೆ.
ಕಿವಿ ಕೊಡು:
ತೆಂಗಿನೆಣ್ಣೆಯಲ್ಲಿ ಬಂಗುಡೆ ಕಾಯುವ ಸದ್ದು ಬರಬೇಕು.
ಸಿಡಿದರೆ ಜಾಸ್ತಿ. ತೊದಲಿದರೆ ಕಡಿಮೆ.

ತಾಳು.
ಉಜ್ಜಿದಲ್ಲಿ ಒಂದು ಹಳೆಯ ಬೆಸುಗೆ.
ಅಲೆ ಅಲೆ, ಎಲ್ಲ ಎಡಕ್ಕೆ ವಾಲಿದ್ದು.
ಈ ಲೈನಿನಲ್ಲಿ ಎಡಗೈಯವನು ಒಬ್ಬನೇ.
ಕುಂಞಂಬು ಮೇಸ್ತ್ರಿ ಊಟಕ್ಕೆ ಹೋಗಿದ್ದರು ಆ ದಿನ.
ನೂರ ಅರುವತ್ತಿಟ್ಟು, ಅಡ್ಡಕ್ಕೆ, ಒಂದೇ ಉಸಿರಿಗೆ ಎಳೆದಿದ್ದೆ.
ಬಂದರು. ಬಗ್ಗಿ ನೋಡಿದರು.
"ಗಟ್ಟಿ ಉಂಟು" ಎಂದಷ್ಟೇ ಹೇಳಿ ಕೈ ತೊಳೆದರು.
ಒಂಬತ್ತು ವರ್ಷ ಅದನ್ನು ಹೊಗಳಿಕೆ ಎಂದು ಇಟ್ಟುಕೊಂಡಿದ್ದೆ.

ನೋಡು, ಗಟ್ಟಿಯೇ ಉಂಟು. ಬೆಸುಗೆ ಬಿಟ್ಟಿಲ್ಲ.
ಬಿಟ್ಟದ್ದು ಪಕ್ಕದ ಕಬ್ಬಿಣ,
ಅರ್ಧ ಬೆರಳಾಚೆ,
ನನ್ನ ಬಿಸಿಯನ್ನು ಸುಮ್ಮನೆ ತಿಂದುಕೊಂಡ ಜಾಗ.

"ಯಾವನು ಮಾರಾಯ ಮೊದಲು ಇದನ್ನು ಮಾಡಿದ್ದು?"
ಮೊಯ್ದುಕುಂಞಿ ಬಗ್ಗಿ ಕೇಳುತ್ತಾನೆ.
"ನಾನೇ" ಎನ್ನುತ್ತೇನೆ.
ಗ್ರೈಂಡರು ಚಾಲೂ ಇದೆ.

ಪೂರ್ತಿ ಕೆತ್ತು. ಇಳಿಜಾರು ಮಾಡು.
ಗಿಡ್ಡ ಗಿಡ್ಡ ಎಳೆ, ಅಲ್ಲೊಂದು ಇಲ್ಲೊಂದು,
ನಡುವೆ ಕೈ ಇಡುವಷ್ಟು ಆರಲಿ.
ನೀರು ಹೊಯ್ದೆಯೋ, ನಿನ್ನ ತಲೆಗೂ ಹೊಯ್ಯುತ್ತೇನೆ.
ಮೇಲಿನ ಪಟ್ಟಿಗೆ ಚೌಕದ ತುದಿ ಬೇಡ,
ದೋಣಿಯ ಮೂತಿಯ ಹಾಗೆ ಓರೆ ಕೊಯ್ಯಿ,
ಭಾರ ಒಂದೇ ಗೆರೆಯ ಮೇಲೆ ಬೀಳಬಾರದು.
ಮಡಿಕೆಯ ಅಂಚಿಗೆ ಅಡ್ಡ ಎಳೆಯಲೇಬೇಡ.
ಕರಟು ತಾನೇ ಸುರುಳಿಯಾಗಿ ಏಳುತ್ತಿದೆ ನೋಡು,
ಬಡಿಯಬೇಕೆಂದೇ ಇಲ್ಲ.

ಏಳೂಕಾಲು. ಬೋಟು ಬಂತೆಂದು ಫೋನು.
ಕೂಲಿಯಲ್ಲಿ ಅರ್ಧ ಮಾತ್ರ ತೆಗೆದುಕೊಂಡದ್ದಕ್ಕೆ
ಅವನಿಗೆ ಸಂಶಯ, ಎರಡೆರಡು ಸಲ ಎಣಿಸುತ್ತಾನೆ.
ಹತ್ತಿ ಕೂತು ಕೀ ತಿರುಗಿಸುತ್ತಾನೆ.
ಲಾರಿ ಕೆಮ್ಮುವುದೂ ಇಲ್ಲ.
ಇನ್ನೊಮ್ಮೆ. ಇಲ್ಲ.
ಅವನು ನನ್ನನ್ನು ನೋಡುತ್ತಾನೆ,
ನಾನು ಬೆಸುಗೆಯನ್ನು ನೋಡುತ್ತೇನೆ.

ಅಂಗಾರ,
ವಯರು.