ಅಟ್ಟೆಗೆ ಸಿಗದ ಹೂ

ಬಂಗೇರರು ಮೂರನೆಯ ಸ್ಲ್ಯಾಬ್ ಹಾಕಿದ ತಿಂಗಳಿಂದ
ನಮ್ಮ ಮಲ್ಲಿಗೆಗೆ ಮಧ್ಯಾಹ್ನ ಒಂದಕ್ಕೇ ಸಂಜೆ.
ಬೆಳಗಿನ ಬಿಸಿಲು ಮೊದಲೇ ಹಲಸಿನ ಮರದ ಪಾಲು.
ದಿನಕ್ಕೆ ನಾಲ್ಕು ಚೆಂಡು ಕೊಡುತ್ತಿದ್ದ ಸಾಲು
ಎರಡಕ್ಕಿಳಿಯಿತು, ಒಂದಕ್ಕೆ, ಆಮೇಲೆ
ಮಾಂಯ್‌ನ ಬೊಗಸೆಯ ತಳಕ್ಕೆ.
ಜಗಳವಿಲ್ಲ. ಅವರ ಜಾಗ, ಅವರ ಮನೆ.
ಗೃಹಪ್ರವೇಶಕ್ಕೆ ಹೂ ಕೊಟ್ಟವರೂ ನಾವೇ.

ಮಾಂಯ್ ಹಿಂಡಿ ನೀರು ಹೊಯ್ದಳು, ಎಲೆ ಕಿತ್ತಳು,
ಸಂತ ಅಂತೋನಿಗೆ ಮೇಣದಬತ್ತಿ ಹೇಳಿಕೊಂಡಳು.
ಗಿಡವೇನೋ ಹಸಿರಾಗಿಯೇ ಇತ್ತು,
ಬಾಡಿಗೆ ಕೊಡದೆ ಕೂತವರ ಹಾಗೆ.

ಹಾಡಿಯಿಂದ ತರಗೆಲೆ ಹೊತ್ತು ಬಂದ ಚೋಮು ಅಕ್ಕ
ಬುಟ್ಟಿ ಇಳಿಸಿದಳು. ನೆರಳನ್ನು ಕಣ್ಣಲ್ಲೇ ಅಳೆದಳು.
‘ಬಿಸಿಲು ಬೇಡದ ಹೂಗಳೂ ಇವೆಯಲ್ಲ ಐರಿನ್ ಬಾಯಿ,
ಅವಕ್ಕೇನು ಯಾರಾದರೂ ಅಂಗಳ ಕೊಟ್ಟಿದ್ದಾರಾ?’

ಶಂಕರಪುರದಿಂದ ಆಚೆ, ಕೆಂಪುಕಲ್ಲಿನ ಕೋರೆ
ಹಾಡಿಯ ಕಡೆಗೆ ದಿನಾ ಹತ್ತು ಹೆಜ್ಜೆ ಸರಿಯುತ್ತಿತ್ತು.
ನಾಳೆ ಯಂತ್ರದ ಬಾಯಿಗೆ ಬೀಳುವ ಅಂಚಿನಿಂದ ಮಾತ್ರ
ಅಗೆಯುವುದೆಂದು ಕರಾರು.
ಅಲ್ಲೂ ಗದರಿದಳು: ‘ಪೂರ ದೆಪ್ಪೊಡ್ಚಿ!’
ಎಲ್ಲ ಹೇಗೂ ಹೋಗುವುದೇ ಅಲ್ಲವಾ ಅಂದೆ.
‘ಯಂತ್ರ ಕೆಟ್ಟು ನಿಲ್ಲಲೂಬಹುದು. ಯಾರು ಕಂಡಿದ್ದಾರೆ?’

ಮಳೆ ಹಿಂದೆಗೆದ ತಿಂಗಳು ಅದು.
ಬೆರಳುದ್ದದ ಬೇರಿನ ನೆಲತಾಳೆ,
ಮುಷ್ಟಿಯಲ್ಲೇ ಪಟ್ಟೆಂದು ಸಿಡಿದ ಕರ್ಣಕುಂಡಲದ ಕಾಯಿ
(ಅರ್ಧ ಬೀಜ ನನ್ನ ರವಿಕೆಯೊಳಗೆ ಮನೆಗೆ ಬಂತು),
ಎಲೆ ಹಳದಿಗೆ ತಿರುಗಿದ ನೆಲಸಂಪಿಗೆ:
ಅಡಿಯಲ್ಲಿ ನೆಲಗಡಲೆಯ ಹಾಗೆ ಜೋತ ಗಡ್ಡೆ.

ನನಗೆ ಗೊತ್ತಿದ್ದದ್ದು ಮಲ್ಲಿಗೆಯ ವಿದ್ಯೆ:
ಹಿಂಡಿ, ಗೊಬ್ಬರ, ಎರಡು ಹೊತ್ತು ನೀರು.
ಡಿಸೆಂಬರಿನಲ್ಲಿ ಕೆದಕಿದರೆ ಗಡ್ಡೆಗಳು
ಹಳಸಿದ ಸನ್ನಣದಂತೆ ಬೆರಳಿಗೆ ಅಂಟಿದವು.
ಚೋಮು ಅಕ್ಕ ನಗಲಿಲ್ಲ.
‘ಮಲಗಿದ ಮಗುವನ್ನು ಎಬ್ಬಿಸಿ ಉಣಿಸುವುದಾ?’

ಮೂರು ಉಳಿದಿದ್ದವು.
ನೀರು ನಿಲ್ಲಿಸುವುದು ಸುಲಭ.
ಕಷ್ಟ ಇದ್ದದ್ದು ಗುಡಿಸದೆ ಇರುವುದರಲ್ಲಿ.
ಹಲಸಿನ ಎಲೆ ಬಿದ್ದಲ್ಲೇ ಬಿತ್ತು, ಎಲೆಯ ಮೇಲೆ ಎಲೆ.
ಹಿಡಿಸೂಡಿ ಹಿಡಿದ ಮಾಂಯ್‌ಗೂ ನನಗೂ
ಒಂದು ಬೇಸಿಗೆಯಿಡೀ ಮಾತಿಲ್ಲದ ಯುದ್ಧ:
‘ಹೆಂಗಸರಿಲ್ಲದ ಮನೆ ಅಂದುಕೊಳ್ಳುತ್ತಾರೆ ದಾರಿಯವರು.’

ಗರಿಗಳ ಭಾನುವಾರ, ಪೂಜೆಗೆ ಹೊರಟವಳು
ಸೀರೆಯ ನಿರಿಗೆ ಹಿಡಿದು ಅಲ್ಲೇ ಕುಕ್ಕರಿಸಿದಳು.
ಎಲೆಯಿಲ್ಲ, ಕಾಂಡವಿಲ್ಲ. ತರಗೆಲೆ ಸೀಳಿ
ನೆಲವೇ ಬಾಯಿ ತೆರೆದಂತೆ ಬಿಳಿ ಹೂ,
ತುಟಿಗೆ ನೇರಳೆ ತಿಂದ ಬಣ್ಣ.
ಮೂಗು ಮಣ್ಣಿಗೆ ತಾಗುವಷ್ಟು ಬಗ್ಗಿದಳು.
‘ಇದಕ್ಕೆ ಅಟ್ಟೆಗೆ ಎಷ್ಟಂತೆ?’
ಉತ್ತರವನ್ನೂ ಅವಳೇ ಹೇಳಿಕೊಂಡಳು:
‘ಕಟ್ಟುವುದೆಲ್ಲಿ, ತೊಟ್ಟೇ ಇಲ್ಲ.’
ಪೂಜೆಗೆ ತಡವಾಯಿತು.
ಸಂಜೆಗೆ ಹೂ ಒದ್ದೆ ಕಾಗದವಾಗಿತ್ತು.

ಅಡುಗೆಮನೆಯ ಕ್ಯಾಲೆಂಡರಿನಲ್ಲಿ
ಮಲ್ಲಿಗೆಯ ದರ ಬರೆದು ಬರೆದು ಸವೆದ ಚೌಕಗಳು,
ಎರಡು ವರ್ಷದಿಂದ ಖಾಲಿ.
ಭಾನುವಾರಕ್ಕೆ ಪೆನ್ಸಿಲಿನಲ್ಲಿ ೧.
ಸೋಮವಾರ ೩.
ಬುಧವಾರ, ಇಲ್ಲ.
ಗುರುವಾರದ ಚೌಕಕ್ಕೆ ಅಂಕೆ ಹಿಡಿಸಿಲ್ಲ;
ನನಗೆ ಬರೆದದ್ದೋ, ತನಗೇ ಬರೆದುಕೊಂಡದ್ದೋ,
ಗೆರೆ ದಾಟಿದ ದಪ್ಪ ಅಕ್ಷರ:
ಗುಡಿಸಬಾರದು.